ಆಟದ ಮೋಟಾರು ಗಾಡಿಗೆ ಇಂಜಿನನ್ನು ಆರಿಸಿ ಕೂಡಿಸುವ ಕ್ರಮ

ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿಯರಿಗೂ, ತಮ್ಮ ಮಕ್ಕಳನ್ನು ನಮಗೆ ಒಪ್ಪಿಸಿರುವ ತಂದೆತಾಯಿಗಳಿಗೂ ಪ್ರಯೋಜನವಾಗುವಂಥ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ಕೇಳಿದಾಗ, ನಾನು ಹೊಲಿಗೆಯನ್ನಾಗಲಿ ಶಿಶುಪಾಲನೆಯನ್ನಾಗಲಿ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆದರೆ ನನ್ನ ಮೇಲೆ ಒಂದು ಋಣವಿರುವದು. ಹಳೇ ವಿದ್ಯಾರ್ಥಿನಿಯರಾದ ನೀವು ನಮ್ಮ ವಿಜ್ಞಾನ ಸಂಘಕ್ಕೆಂದು ಕೂಡಿಸಿ ಕಳುಹಿಸಿದ ಹಣದಲ್ಲಿ ಒಂದು ಭಾಗವನ್ನು ನಾನು ಒಂದು ಚಿಕ್ಕ ಇಂಜಿನಿಗಾಗಿ ವೆಚ್ಚಮಾಡಿದೆನು. ಮೊದಲನೆಯ ಸಾರಿ ತಪ್ಪಾಗಿ ವೆಚ್ಚಮಾಡಿದೆನು. ಆ ತಪ್ಪಿನ ಲೆಕ್ಕವನ್ನು ನಿಮಗೆ ಒಪ್ಪಿಸುವದೂ, ಅದರಿಂದ ಕಲಿತದ್ದನ್ನು ಪಾಠವಾಗಿ ತಿಳಿಸುವದೂ ಈ ಲೇಖನದ ಉದ್ದೇಶವಾಗಿದೆ.

ಕೆಲವು ವರ್ಷಗಳ ಕೆಳಗೆ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು ಸಂಘಕ್ಕೆ ಒಂದು ಆಟದ ಕಾರನ್ನು ಕೊಟ್ಟಳು. ಅದು ನಿಜವಾದ ಗಾಡಿಯ ಹತ್ತರಲ್ಲೊಂದು ಪಾಲಿನ ಅಳತೆಯದು. ಕೈಯಲ್ಲಿ ಹಿಡಿದ ಪೆಟ್ಟಿಗೆಯಿಂದ ಹೊರಡುವ ರೇಡಿಯೋ ಅಲೆಗಳ ಆಜ್ಞೆಯಂತೆ ನಡೆಯುವದು. ಅದನ್ನು ಓಡಿಸುವ ಬಲವು ಇಂಧನವನ್ನು ಉರಿಸುವ ಒಂದು ಪುಟ್ಟ ಇಂಜಿನಿನಿಂದ ಬರುವದು. ಈಗಿನ ಕಾಲದಲ್ಲಿ ಇಂಥ ಕಾರುಗಳಲ್ಲಿ ಹೆಚ್ಚಿನವು ಬ್ಯಾಟರಿಯಿಂದಲೇ ಓಡುವವು. ಅವು ಸದ್ದಿಲ್ಲದವು, ಶುಚಿಯಾದವು, ವೇಗದಲ್ಲಿಯೂ ಕಡಮೆಯಿಲ್ಲ. ಹಾಗಾದರೆ ಈ ಹೊಗೆಯ ಯಂತ್ರವನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರುಂಟು. ಗಾಳಿ, ಇಂಧನ, ಶಾಖ, ಘರ್ಷಣೆ ಎಂಬ ಮಾತುಗಳನ್ನು ನಮ್ಮ ಹುಡುಗಿಯರು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯುವರು. ಈ ಇಂಜಿನಿನ ಮುಂದೆ ಕೂತರೆ ಆ ನಾಲ್ಕನ್ನೂ ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ತಿಳಿಯಬಹುದು. ಹೀಗಿರಲು ಆ ಇಂಜಿನು ಸವೆದು, ಹಗ್ಗವನ್ನು ಎಷ್ಟು ಸಾರಿ ಎಳೆದರೂ ಹೊತ್ತದಂತಾದಾಗ, ಹೊಸದೊಂದನ್ನು ತರಿಸುವದೆಂದು ನಿಶ್ಚಯಿಸಿದೆವು.

೧. ಇಂಜಿನಿನ ಸ್ವರೂಪ

ಯಾವ ವಸ್ತುವನ್ನಾದರೂ ಆರಿಸುವದಕ್ಕೆ ಮುಂಚೆ ಅದು ಏನೆಂದು ತಿಳಿಯತಕ್ಕದ್ದು. ಇದು ಟೂ ಸ್ಟ್ರೋಕು ಜಾತಿಯ ಇಂಜಿನು. ಅಂದರೆ ಪಿಸ್ಟನು ಒಂದು ಸಾರಿ ಮೇಲೇರಿ ಒಂದು ಸಾರಿ ಕೆಳಗಿಳಿಯುವಷ್ಟರಲ್ಲಿ ಅದರ ಕೆಲಸದ ಸುತ್ತು ಮುಗಿಯುವದು. ಮುಷ್ಟಿಯಲ್ಲಿ ಹಿಡಿಯಬಹುದಾದ ಈ ಯಂತ್ರವು ನಿಮಿಷಕ್ಕೆ ೩೦,೦೦೦ ಸುತ್ತುಗಳಿಗೂ ಮೇಲಾಗಿ ತಿರುಗಬಲ್ಲದು.

ಇದರಲ್ಲಿ ಕಿಡಿ ಹಾರಿಸುವ ಏರ್ಪಾಡಿಲ್ಲ. ಮೊದಲು ಇಂಥ ಚಿಕ್ಕ ಇಂಜಿನುಗಳಲ್ಲಿಯೂ ಕಿಡಿಯೇ ಬೇಕಾಗಿದ್ದು, ಅದಕ್ಕಾಗಿ ಬ್ಯಾಟರಿ, ಸುರುಳಿ ಮೊದಲಾದ ಭಾರವನ್ನು ಹೊರಬೇಕಾಗಿತ್ತು. ೧೯೪೭ರಲ್ಲಿ ಅಮೆರಿಕಾ ದೇಶದ ರೇ ಆರ್ಡೆನ್ ಎಂಬವರು ಗ್ಲೋ ಪ್ಲಗ್ಗನ್ನು ಬಳಕೆಗೆ ತಂದ ಮೇಲೆ ಆ ಹೊರೆ ಇಳಿಯಿತು. ಈ ಪ್ಲಗ್ಗಿನೊಳಗೆ ಪ್ಲಾಟಿನಂ ಲೋಹದ ಸಣ್ಣ ತಂತಿಸುರುಳಿಯೊಂದುಂಟು. ಹೊತ್ತಿಸುವಾಗ ಮಾತ್ರ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಾಗಿ ಕಾಯಿಸುವರು. ತರುವಾಯ ಬ್ಯಾಟರಿಯನ್ನು ತೆಗೆದರೂ, ಉರಿಯುವ ಇಂಧನದ ಶಾಖದಿಂದಲೂ, ಮೆಥನಾಲಿನ ಆವಿಯು ಪ್ಲಾಟಿನಮ್ಮಿಗೆ ತಗಲಿದಾಗ ತಾನಾಗಿ ಕಾವೇರುವ ಗುಣದಿಂದಲೂ ಆ ಸುರುಳಿಯು ಕೆಂಪಾಗಿಯೇ ಇರುವದು.

ಇಂಧನವು ಮೂರು ವಸ್ತುಗಳ ಮಿಶ್ರಣ. ಮೆಥನಾಲು ಉರಿಯುವ ಮುಖ್ಯ ವಸ್ತು. ನೈಟ್ರೋಮೀಥೇನು ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವದರಿಂದ ಅದೇ ಗಾಳಿಯಲ್ಲಿ ಹೆಚ್ಚು ಇಂಧನವು ಉರಿದು ಬಲ ಹೆಚ್ಚುವದು. ಇದರಿಂದಲೇ ಈ ಗಾಡಿಗಳಿಗೆ ‘ನೈಟ್ರೋ’ ಎಂಬ ಹೆಸರು. ಮೂರನೆಯದು ಎಣ್ಣೆ. ಇಂಜಿನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲದ ಕಾರಣ ಇಂಧನದಲ್ಲಿ ಬೆರೆತ ಎಣ್ಣೆಯೇ ಅದರ ಜೀವವನ್ನು ಕಾಯತಕ್ಕದ್ದು. ಈಗ ಕೃತಕ ಎಣ್ಣೆಗಳು ಬಂದಿದ್ದರೂ ನಮ್ಮ ಅಜ್ಜಿಯರು ಮಕ್ಕಳ ನೆತ್ತಿಗೆ ಒತ್ತುತ್ತಿದ್ದ ಹರಳೆಣ್ಣೆಯನ್ನು ಇಂದಿಗೂ ಇದರಲ್ಲಿ ಬೆರೆಸುವದುಂಟು. ಯಾಕಂದರೆ ಅದು ಮೆಥನಾಲಿನಲ್ಲಿ ಚೆನ್ನಾಗಿ ಕರಗುವದು. ಹೆಚ್ಚಿನ ಕಾವಿನಲ್ಲಿಯೂ ಲೋಹದ ಮೇಲಿನ ಪೊರೆಯನ್ನು ಬಿಟ್ಟುಕೊಡದು.

೨. ಆರಿಸುವ ಕ್ರಮ

ಇಂಜಿನಿನ ಗಾತ್ರವನ್ನು ಘನ ಅಂಗುಲದ ನೂರನೆಯ ಪಾಲುಗಳಲ್ಲಿ ಹೇಳುವದು ರೂಢಿ. ಅಂಗಡಿಯವನು ‘ಟ್ವೆಲ್ವ್’ ಎಂದರೆ ೦.೧೨ ಘನ ಅಂಗುಲವೆಂದು ತಿಳಿಯಬೇಕು. ಒಂದು ಘನ ಅಂಗುಲವು ೧೬.೩೯ ಘನ ಸೆಂಟಿಮೀಟರಾದ್ದರಿಂದ ಉಳಿದದ್ದು ಗುಣಾಕಾರದ ಲೆಕ್ಕ. ೦.೧೨ ಎಂದರೆ ೧.೯೭, ೦.೧೫ ಎಂದರೆ ೨.೪೬, ೦.೧೮ ಎಂದರೆ ೨.೯೫, ೦.೨೧ ಎಂದರೆ ೩.೪೪ ಘನ ಸೆಂಟಿಮೀಟರು. ತಯಾರಿಸುವವರು ಇದರಲ್ಲಿ ಸ್ವಲ್ಪ ಹೆಚ್ಚುಕಡಮೆ ಮಾಡುವರು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಎಂಟರಲ್ಲೊಂದು ಪಾಲಿನ ಅಳತೆಯ ಕಾರುಗಳಿಗೆ ೩.೫ ಘನ ಸೆಂಟಿಮೀಟರೇ ಮೇರೆ.

ನನ್ನ ತಪ್ಪು ಆದದ್ದು ಇಲ್ಲಿಯೇ. ನಮ್ಮ ಕಾರಿನಲ್ಲಿದ್ದದ್ದು ೦.೧೮ರ ಇಂಜಿನು. ಒಂಭತ್ತನೆಯ ತರಗತಿಯ ಒಬ್ಬ ಹುಡುಗಿಯು ಹಳೇ ಇಂಜಿನನ್ನು ಬಿಚ್ಚಿ, ಅದರ ಕಾಲುಗಳ ತೂತುಗಳ ನಡುವಣ ಅಂತರವನ್ನೂ, ದಂಡದ ಉದ್ದವನ್ನೂ, ಹೊಗೆಯ ಬಾಯಿ ಇರುವ ದಿಕ್ಕನ್ನೂ ನೋಟುಪುಸ್ತಕದ ಹಾಳೆಯಲ್ಲಿ ಬರೆದು ತಂದಿದ್ದಳು. “ಟೀಚರೇ, ಇದಕ್ಕೆ ಸರಿಹೊಂದುವದನ್ನೇ ತರಿಸಬೇಕು” ಅಂದಳು. ಆದರೆ ಕೊಳ್ಳುವದಾದರೆ ಬಲವುಳ್ಳದ್ದನ್ನೇ ಕೊಳ್ಳೋಣವೆಂಬ ಆಸೆ ನನಗೆ ಹುಟ್ಟಿತು. ದೊಡ್ಡವರ ಮಾತಿನ ನಡುವೆ ಬರಬೇಡವೆಂದು ಆಕೆಯನ್ನು ಸುಮ್ಮನಿರಿಸಿ, ೦.೨೧ರ ಪಂದ್ಯದ ಇಂಜಿನನ್ನು ತರಿಸಿದೆನು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ತರಗತಿಯಲ್ಲಿ ಎಷ್ಟೋ ಸಾರಿ ಹೇಳಿದವಳು ನಾನೇ.

ಪೆಟ್ಟಿಗೆಯನ್ನು ತೆರೆದ ಮೇಲೆ ತಪ್ಪು ಒಂದೊಂದಾಗಿ ಕಾಣಿಸಿತು. ಸಾಮಾನ್ಯವಾಗಿ ೦.೧೨ರಿಂದ ೦.೧೮ರ ವರೆಗಿನ ಇಂಜಿನುಗಳು ಚಿಕ್ಕ ಮೈಯವು, ೦.೨೧ ಮತ್ತು ಅದಕ್ಕೂ ಮೇಲ್ಪಟ್ಟವು ದೊಡ್ಡ ಮೈಯವು. ಆದಕಾರಣ ಕಾಲುಗಳ ತೂತುಗಳು ನಮ್ಮ ಗಾಡಿಯ ತಳಕ್ಕೆ ಕೂಡಲಿಲ್ಲ. ಹೊಗೆಯ ಬಾಯಿ ಹಳೆಯದರಲ್ಲಿ ಪಕ್ಕಕ್ಕಿದ್ದರೆ ಹೊಸದರಲ್ಲಿ ಹಿಂದಕ್ಕಿತ್ತು. ಹಳೆಯದನ್ನು ಹಗ್ಗ ಎಳೆದು ಹೊತ್ತಿಸುತ್ತಿದ್ದೆವು. ಹೊಸದಕ್ಕೆ ಹಗ್ಗವೇ ಇಲ್ಲ, ಬೇರೆ ಪೆಟ್ಟಿಗೆಯ ಮೇಲಿಟ್ಟು ಚಕ್ರವನ್ನು ತಿರುಗಿಸಬೇಕು. ಹೇಗಾದರೂ ಕೂಡಿಸಿದ್ದರೂ ಆ ಬಲವನ್ನು ನಮ್ಮ ಗಾಡಿಯ ಹಲ್ಲುಚಕ್ರಗಳು ತಡೆಯಲಾರದೆ ಮುರಿಯುತ್ತಿದ್ದವು. ತೆರೆದ ಸರಕನ್ನು ಅಂಗಡಿಯವರು ಹಿಂತೆಗೆದುಕೊಳ್ಳಲಿಲ್ಲ. ಅದು ಅವರ ತಪ್ಪಲ್ಲ.

ಆದುದರಿಂದ ಕೊಳ್ಳುವವರು ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ಗಾಡಿಯು ಯಾವ ಗಾತ್ರದ ಇಂಜಿನಿಗಾಗಿ ಮಾಡಲ್ಪಟ್ಟಿದೆ? ಕಾಲುಗಳ ತೂತುಗಳ ಅಂತರವೆಷ್ಟು? ಕ್ಲಚ್ಚನ್ನು ಹೊರುವ ದಂಡದ ಉದ್ದವೂ ಮರೆಯೂ ಎಂಥವು? ಹೊಗೆಯ ಬಾಯಿ ಪಕ್ಕಕ್ಕೋ ಹಿಂದಕ್ಕೋ? ಹೊತ್ತಿಸುವ ಬಗೆ ಯಾವದು? ಈ ಐದೂ ಕೂಡಿಬಂದ ಮೇಲೆ ಬಿಡಿ ಭಾಗಗಳು ಸುಲಭವಾಗಿ ಸಿಕ್ಕುವವೋ ಎಂದು ವಿಚಾರಿಸಬೇಕು. ಒಸಾಕಾ ಪಟ್ಟಣದಲ್ಲಿ ೧೯೩೬ರಲ್ಲಿ ಆರಂಭವಾದ ಓ. ಎಸ್. ಕಾರ್ಖಾನೆಯಂಥ ಹಳೇ ಹೆಸರುಗಳನ್ನು ಜನರು ನೆಚ್ಚುವದಕ್ಕೆ ಬಿಡಿ ಭಾಗಗಳು ದೊರೆಯುವದೂ ಒಂದು ಕಾರಣ. ಬಲದ ಮಾತು ಎಲ್ಲಕ್ಕೂ ಕೊನೆಯದು.

ಎರಡನೆಯ ಇಂಜಿನನ್ನು ಆ ಹುಡುಗಿಯ ಹಾಳೆಯನ್ನು ಮುಂದಿಟ್ಟುಕೊಂಡೇ ತರಿಸಿದೆವು. ಅದರ ಕ್ರಯವನ್ನು ನಾನೇ ಕೊಟ್ಟೆನು. ನಿಮ್ಮ ಹಣದಿಂದ ತೆಗೆಯಲಿಲ್ಲ.

೩. ಕೂಡಿಸುವ ಕ್ರಮ

ಕೆಲಸಕ್ಕೆ ಕೂರುವ ಮುಂಚೆ ಮೇಜಿನ ಮೇಲೆ ಬಿಳೇ ಬಟ್ಟೆಯನ್ನು ಹಾಸುವದು ಒಳ್ಳೇದು. ಉರುಳಿ ಬಿದ್ದ ಸಣ್ಣ ಬಿಲ್ಲೆಯು ಕಣ್ಣಿಗೆ ಕಾಣುವದು. ಇಂಜಿನಿನ ಎಲ್ಲಾ ಬಾಯಿಗಳನ್ನು ಶುಚಿಯಾದ ಬಟ್ಟೆಯಿಂದ ಮುಚ್ಚಿಡಬೇಕು. ಒಳಗೆ ಬಿದ್ದ ಒಂದು ಮರಳಿನ ಕಣವು ಸಾಕು, ಪಿಸ್ಟನನ್ನು ಗೀರಿ ಹಾಳುಮಾಡುವದಕ್ಕೆ.

ಮೊದಲು ದಂಡದ ಮೇಲೆ ಸೀಳಿದ ಶಂಕುವನ್ನೂ, ಅದರ ಮೇಲೆ ಫ್ಲೈವೀಲನ್ನೂ ಏರಿಸಿ ನಟ್ಟನ್ನು ಬಿಗಿಯಬೇಕು. ತರುವಾಯ ಕ್ಲಚ್ಚಿನ ಲಾಳಗಳನ್ನೂ ಸ್ಪ್ರಿಂಗುಗಳನ್ನೂ ಕೂರಿಸಿ, ಬೇರಿಂಗುಗಳ ಸಂಗಡ ಕ್ಲಚ್ಚಿನ ಗಂಟೆಯನ್ನು ಹಾಕಬೇಕು. ಇಂಜಿನು ಮೆಲ್ಲಗೆ ತಿರುಗುವಾಗ ಲಾಳಗಳು ಒಳಗೇ ಇದ್ದು, ವೇಗ ಹೆಚ್ಚಿದಾಗ ಹೊರಕ್ಕೆ ಚಿಮ್ಮಿ ಗಂಟೆಯನ್ನು ಹಿಡಿಯುವವು. ಆಗ ಗಾಡಿಯು ಹೊರಡುವದು. ಗಂಟೆಯು ಬೆರಳಿನಿಂದ ತಿರುಗಿಸಿದರೆ ಸರಾಗವಾಗಿ ತಿರುಗಬೇಕು. ಹಿಂದುಮುಂದಕ್ಕೆ ಎಳೆದರೆ ಕೂದಲೆಳೆಯಷ್ಟು ಮಾತ್ರ ಆಡಬೇಕು. ಆಟ ಹೆಚ್ಚಾದರೆ ತೆಳ್ಳಗಿನ ಬಿಲ್ಲೆಯನ್ನು ಸೇರಿಸುವದು, ಬಿಗಿಯಾದರೆ ತೆಗೆಯುವದು.

ಇಂಜಿನನ್ನು ಗಾಡಿಯ ತಳಕ್ಕೆ ಕೂಡಿಸುವಾಗ ಕ್ಲಚ್ಚಿನ ಚಿಕ್ಕ ಹಲ್ಲುಚಕ್ರವೂ ಗಾಡಿಯ ದೊಡ್ಡ ಹಲ್ಲುಚಕ್ರವೂ ಒಂದಕ್ಕೊಂದು ನೇರವಾಗಿ ನಿಲ್ಲಬೇಕು. ಇವುಗಳ ಅಂತರವನ್ನು ಅಳೆಯುವದಕ್ಕೆ ವಿಶೇಷವಾದ ಸಾಧನ ಬೇಡ. ನೋಟುಪುಸ್ತಕದ ಕಾಗದದಿಂದ ಒಂದು ಪಟ್ಟಿಯನ್ನು ಕತ್ತರಿಸಿ ಎರಡು ಚಕ್ರಗಳ ಹಲ್ಲುಗಳ ನಡುವೆ ಇಟ್ಟು, ಇಂಜಿನನ್ನು ಒತ್ತಿ ಹಿಡಿದು, ತಳದ ಸ್ಕ್ರೂಗಳನ್ನು ಬಿಗಿಯಬೇಕು. ಆಮೇಲೆ ಚಕ್ರವನ್ನು ತಿರುಗಿಸಿ ಕಾಗದವನ್ನು ಹೊರಗೆ ತೆಗೆದರೆ ಅದು ಮಡಿಕೆ ಮಡಿಕೆಯಾಗಿ ಬರಬೇಕೇ ಹೊರತು ಹರಿಯಬಾರದು. ಆ ಕಾಗದದ ದಪ್ಪದಷ್ಟು ಎಡೆಯೇ ಹಲ್ಲುಗಳಿಗೆ ಬೇಕಾದದ್ದು. ಎಡೆ ಇಲ್ಲದಿದ್ದರೆ ಚಕ್ರಗಳು ಕಾದು ಸವೆಯುವವು, ಬೇರಿಂಗೂ ಕೆಡುವದು. ಎಡೆ ಹೆಚ್ಚಾದರೆ ಹಲ್ಲುಗಳು ಉದುರುವವು. ದೊಡ್ಡ ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ನಾಲ್ಕೈದು ಕಡೆಗಳಲ್ಲಿ ಪರೀಕ್ಷಿಸತಕ್ಕದ್ದು.

ತಳದ ಸ್ಕ್ರೂಗಳು ಅದುರಿಕೆಯಿಂದ ಸಡಿಲವಾಗುವದುಂಟು. ಅವುಗಳ ಮರೆಯಲ್ಲಿರುವ ಜಿಡ್ಡನ್ನು ಒರಸಿ, ಬಿಚ್ಚಬಹುದಾದ ಜಾತಿಯ ಸ್ಕ್ರೂ-ಅಂಟನ್ನು ಒಂದೊಂದು ತೊಟ್ಟು ಹಾಕಿ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾ ಬರಬೇಕು. ಹೊಗೆಯ ಕೊಳವೆಯ ಸೇರುವೆಯಲ್ಲಿ ಸೋರಿಕೆ ಇರಬಾರದು. ಯಾಕಂದರೆ ಆ ಕೊಳವೆಯಿಂದ ಬರುವ ಒತ್ತಡವೇ ಇಂಧನವನ್ನು ತೊಟ್ಟಿಯಿಂದ ಕಾರ್ಬ್ಯುರೇಟರಿಗೆ ತಳ್ಳುವದು. ಗಾಳಿಯ ಬಾಯಿಗೆ ಎಣ್ಣೆ ಸವರಿದ ಸ್ಪಂಜಿನ ಶೋಧಕವನ್ನು ಭದ್ರವಾಗಿ ಕಟ್ಟಬೇಕು. ನಮ್ಮ ಶಾಲೆಯ ಬೈಲಿನ ಕೆಂಪು ಧೂಳನ್ನು ಬಲ್ಲವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ಕೊನೆಗೆ, ಗಾಳಿಯ ಬಾಗಿಲನ್ನು ತೆರೆದು ಮುಚ್ಚುವ ಸಣ್ಣ ಮೋಟಾರಿನ ಕಡ್ಡಿಯನ್ನು ಜೋಡಿಸುವದು. ಕೈ ಬಿಟ್ಟಾಗ ಬಾಗಿಲು ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ತೆರೆದಿರಬೇಕು. ಪೂರ್ತಿ ಒತ್ತಿದಾಗ ಪೂರ್ತಿ ತೆರೆಯಬೇಕು. ರೇಡಿಯೋ ಸಂಕೇತವು ನಿಂತುಹೋದರೆ ಬಾಗಿಲು ತಾನಾಗಿ ಮುಚ್ಚಿಕೊಂಡು ತಡೆಯು ಬೀಳುವಂತೆ ಏರ್ಪಡಿಸಿ, ಇಂಜಿನನ್ನು ಹೊತ್ತಿಸುವ ಮುಂಚೆಯೇ ಅದನ್ನು ಪರೀಕ್ಷಿಸಬೇಕು. ಹಿಡಿತ ತಪ್ಪಿದ ಗಾಡಿಯು ಮಕ್ಕಳ ಕಾಲುಗಳನ್ನು ಮುರಿಯುವಷ್ಟು ವೇಗವುಳ್ಳದ್ದು.

೪. ಪಳಗಿಸುವ ಕ್ರಮ

ಹೊಸ ಇಂಜಿನನ್ನು ಕೈಯಿಂದ ತಿರುಗಿಸಿದರೆ ಪಿಸ್ಟನು ಮೇಲ್ಗಡೆಯಲ್ಲಿ ಬಿಗಿಯಾಗಿ ಹಿಡಿಯುವದು. ಇದು ದೋಷವಲ್ಲ. ಸಾಮಾನ್ಯವಾಗಿ ಪಿಸ್ಟನು ಅಲ್ಯುಮಿನಿಯಮ್ಮಿನದು. ಅದು ಆಡುವ ಕೊಳವೆಯು ಕ್ರೋಮಿಯಂ ಲೇಪಿಸಿದ ಹಿತ್ತಾಳೆಯದು. ಕೊಳವೆಯ ಮೇಲಿನ ತುದಿಯನ್ನು ಕೂದಲೆಳೆಯಷ್ಟು ಇಕ್ಕಟ್ಟಾಗಿ ಮಾಡಿರುವರು. ಇಂಜಿನು ಕಾದಾಗ ಕೊಳವೆಯು ಪಿಸ್ಟನಿಗಿಂತ ಹೆಚ್ಚಾಗಿ ಹಿಗ್ಗಿ, ಎರಡೂ ತಕ್ಕ ಅಳತೆಗೆ ಬರುವವು. ತಣ್ಣಗಿರುವಾಗ ಬಲವಂತಮಾಡಿದರೆ ಎರಡಕ್ಕೂ ಕೇಡು. ಅದಕ್ಕಾಗಿ ಮೊದಲ ದಿನಗಳಲ್ಲಿ ತಲೆಗೂದಲನ್ನು ಆರಿಸುವ ಬಿಸಿಗಾಳಿಯ ಯಂತ್ರದಿಂದ ಇಂಜಿನಿನ ತಲೆಯನ್ನು ಬೆಚ್ಚಗೆ ಮಾಡಿ ಹೊತ್ತಿಸುವದು ಉತ್ತಮ. ಹಗ್ಗವನ್ನು ಗೇಣುದ್ದ ಮಾತ್ರ, ಚುರುಕಾಗಿ ಎಳೆಯಬೇಕು. ಕೊನೆಯ ವರೆಗೆ ಎಳೆದರೆ ತುಂಡಾಗುವದು. ಹಗ್ಗವು ಕಲ್ಲಿನಂತೆ ಹಿಡಿದುಕೊಂಡರೆ ಒಳಗೆ ಇಂಧನವು ತುಂಬಿದೆ ಎಂದರ್ಥ. ಪ್ಲಗ್ಗನ್ನು ಬಿಚ್ಚಿ ಅದನ್ನು ಹೊರಹಾಕಬೇಕು.

ಮೊದಲ ಐದಾರು ತೊಟ್ಟಿಗಳ ಇಂಧನವು ಮುಗಿಯುವ ತನಕ ಇಂಜಿನಿಗೆ ಇಂಧನ ಹೆಚ್ಚು, ಗಾಳಿ ಕಡಮೆ ಇರುವಂತೆ ಸೂಜಿಯನ್ನು ತಯಾರಕರ ಕಾಗದದಲ್ಲಿ ಹೇಳಿದಷ್ಟು ಸಡಿಲಿಸಿ, ಗಾಡಿಯನ್ನು ಮೆಲ್ಲಗೆ ಓಡಿಸಬೇಕು. ಒಂದು ತೊಟ್ಟಿ ಮುಗಿದ ಕೂಡಲೆ ಪಿಸ್ಟನು ತಳದಲ್ಲಿ ನಿಲ್ಲುವಂತೆ ಚಕ್ರವನ್ನು ತಿರುಗಿಸಿ, ಪೂರ್ತಿ ತಣಿಯುವದಕ್ಕೆ ಬಿಡಬೇಕು. ಪಿಸ್ಟನು ಮೇಲಿದ್ದರೆ ತಣಿದು ಕುಗ್ಗುವ ಕೊಳವೆಯು ಅದನ್ನು ಹಿಡಿದುಕೊಳ್ಳುವದು. ಹೀಗೆ ಕಾದು ತಣಿದು, ಕಾದು ತಣಿದು ಎರಡು ಲೋಹಗಳು ಒಂದಕ್ಕೊಂದು ಒಗ್ಗುವವು. ಇಂಜಿನಿನ ಆಯುಸ್ಸು ಈ ಮೊದಲನೆಯ ಒಂದೆರಡು ಗಂಟೆಗಳಲ್ಲಿಯೇ ನಿಶ್ಚಯವಾಗುವದೆಂದರೆ ಹೆಚ್ಚಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯು ಇಲ್ಲಿ ಸಲ್ಲುವದು.

ಪಳಗಿದ ತರುವಾಯ ಸೂಜಿಯನ್ನು ಸ್ವಲ್ಪ ಸ್ವಲ್ಪವಾಗಿ, ಗಡಿಯಾರದ ಚಿಕ್ಕ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟು ಮಾತ್ರ, ಬಲಕ್ಕೆ ತಿರುಗಿಸುತ್ತಾ ಬರಬೇಕು. ಓಡುವ ಗಾಡಿಯ ಹಿಂದೆ ತೆಳುವಾದ ನೀಲಿ ಹೊಗೆಯು ಯಾವಾಗಲೂ ಕಾಣಿಸಬೇಕು. ಹೊಗೆ ನಿಂತರೆ ಎಣ್ಣೆ ಸಾಲದೆಂದು ತಿಳಿದು ಸೂಜಿಯನ್ನು ಹಿಂದಕ್ಕೆ ತಿರುಗಿಸುವದು. ಇಂಜಿನಿನ ತಲೆಯ ಕಾವು ೧೦೦ರಿಂದ ೧೨೦ ಡಿಗ್ರಿ ಸೆಂಟಿಗ್ರೇಡಿನ ಒಳಗಿರುವದು ಕ್ಷೇಮ. ಉಷ್ಣಮಾಪಕವಿಲ್ಲದವರು ದೋಸೆಯ ಕಾವಲಿಯನ್ನು ಪರೀಕ್ಷಿಸುವಂತೆ ಒಂದು ಹನಿ ನೀರನ್ನು ಹಾಕಿ ನೋಡಬಹುದು. ಹನಿಯು ಕೆಲವು ಸೆಕೆಂಡು ಕುದಿದು ಆರಿದರೆ ಸರಿ. ಚುರ್ರೆಂದು ತಕ್ಷಣ ಹಾರಿಹೋದರೆ ಕಾವು ಮಿತಿಮೀರಿದೆ.

ದಿನದ ಓಟ ಮುಗಿದ ಮೇಲೆ ತೊಟ್ಟಿಯನ್ನು ಬರಿದುಮಾಡಿ, ಒಳಗೆ ಉಳಿದ ಇಂಧನವು ತೀರುವ ತನಕ ಇಂಜಿನನ್ನು ಓಡಿಸಿ, ಕೆಲವು ತೊಟ್ಟು ರಕ್ಷಕ ಎಣ್ಣೆಯನ್ನು ಬಿಡಬೇಕು. ಮೆಥನಾಲು ಗಾಳಿಯ ತೇವವನ್ನು ಹೀರುವದರಿಂದ, ಹಾಗೆಯೇ ಬಿಟ್ಟರೆ ಬೇರಿಂಗುಗಳು ತುಕ್ಕುಹಿಡಿಯುವವು.

೫. ಇಂಧನದ ವಿಷಯದಲ್ಲಿ ಎಚ್ಚರಿಕೆ

ಈ ಭಾಗವನ್ನು ತಂದೆತಾಯಿಗಳು ಎರಡು ಸಾರಿ ಓದಬೇಕೆಂದು ಬೇಡುತ್ತೇನೆ. ಮೆಥನಾಲು ಘೋರವಾದ ವಿಷ. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ನಾಶಮಾಡುವದು. ಸ್ವಲ್ಪವೇ ಒಳಗೆ ಹೋದರೂ ದೃಷ್ಟಿಯೂ ಪ್ರಾಣವೂ ಹೋಗಬಹುದು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಮೆಥನಾಲು ಬೆರೆತ ಸಾರಾಯಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರರು. ಅದೇ ವಸ್ತುವು ಈ ಆಟದ ಗಾಡಿಯ ತೊಟ್ಟಿಯಲ್ಲಿರುವದು. ಆದಕಾರಣ ಇಂಧನವನ್ನು ಅದರ ಸ್ವಂತ ಡಬ್ಬಿಯಲ್ಲಿಯೇ, ಹೆಸರು ಕಾಣುವಂತೆ, ಬೀಗದೊಳಗೆ ಇಡಬೇಕು. ಕುಡಿಯುವ ನೀರಿನ ಅಥವಾ ಷರಬತ್ತಿನ ಬಾಟಲಿಗೆ ಎಂದಿಗೂ ಹೊಯ್ಯಬಾರದು. ಬಾಯಿಂದ ಹೀರಿ ತೆಗೆಯಬಾರದು. ಚರ್ಮದ ಮೂಲಕವೂ ಅದು ಒಳಸೇರುವದರಿಂದ ಕೈಗವಸು ಬೇಕು. ಯಾರಾದರೂ ನುಂಗಿದ ಸಂಶಯವಿದ್ದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಯಾಕಂದರೆ ಅವು ಕೆಲವು ಗಂಟೆ ತಡವಾಗಿ ಕಾಣಿಸುವದುಂಟು.

ಮೆಥನಾಲಿನ ಜ್ವಾಲೆಯು ಹಗಲು ಬೆಳಕಿನಲ್ಲಿ ಹೆಚ್ಚುಕಡಮೆ ಕಾಣಿಸದು. ಕಾಣದ ಬೆಂಕಿಗೆ ಮಗುವು ಕೈಚಾಚುವದು. ಅಗ್ನಿಶಾಮಕ ಸಾಧನವು ಪಕ್ಕದಲ್ಲಿಲ್ಲದೆ ನಮ್ಮಲ್ಲಿ ಡಬ್ಬಿಯನ್ನೇ ತೆರೆಯಲಾಗದು. ಹೊಗೆಯಲ್ಲಿ ವಿಷವಾಯುವಿರುವದರಿಂದ ಕೋಣೆಯೊಳಗೆ ಇಂಜಿನನ್ನು ಓಡಿಸುವದು ನಿಷಿದ್ಧ. ನೈಟ್ರೋಮೀಥೇನಿನ ವಿಷಯದಲ್ಲಿಯೂ ಜಾಗ್ರತೆ ಬೇಕು. ಯೂರೋಪು ಒಕ್ಕೂಟವು ೨೦೧೯ರ ಶಾಸನದಿಂದ, ಶೇಕಡಾ ೧೬ಕ್ಕಿಂತ ಹೆಚ್ಚಾಗಿ ಅದು ಬೆರೆತ ದ್ರವವನ್ನು ಪರವಾನಗಿ ಇಲ್ಲದೆ ಸಾಮಾನ್ಯ ಜನರಿಗೆ ಕೊಡಕೂಡದೆಂದು ವಿಧಿಸಿದೆ.

ಇಷ್ಟೆಲ್ಲಾ ಅಪಾಯವುಳ್ಳದ್ದನ್ನು ಹುಡುಗಿಯರ ಕೈಗೆ ಕೊಡುವದೇ ಎಂದು ನೀವು ಕೇಳಬಹುದು. ನಮ್ಮ ಹುಡುಗಿಯರು ದಿನವೂ ಮನೆಯಲ್ಲಿ ಗ್ಯಾಸಿನ ಒಲೆಯ ಮುಂದೆಯೂ ಕುದಿಯುವ ಎಣ್ಣೆಯ ಮುಂದೆಯೂ ನಿಲ್ಲುವರು. ಅದಕ್ಕೆ ಯಾರೂ ಅಡ್ಡಿಹೇಳುವದಿಲ್ಲ. ಸ್ಪ್ಯಾನರು ಹಿಡಿದಾಗ ಮಾತ್ರ ಅಡ್ಡಿಹೇಳುವದು ನ್ಯಾಯವೋ? ಅಪಾಯವನ್ನು ಹೆಸರು ಹಿಡಿದು ತಿಳಿಸಿ, ಪಕ್ಕದಲ್ಲಿ ನಿಂತು, ಕೆಲಸವನ್ನು ಅವರ ಕೈಯಿಂದಲೇ ಮಾಡಿಸುವದು ನಮ್ಮ ಕ್ರಮ.

ಇನ್ನು ಲೆಕ್ಕವನ್ನು ಮುಗಿಸುವೆನು. ನಿಮ್ಮ ಹಣದಿಂದ ಬಂದ ದೊಡ್ಡ ಇಂಜಿನು ಒಂದು ದಿನವೂ ಓಡಲಿಲ್ಲ. ಅದನ್ನು ಹುಡುಗಿಯರು ಬಿಚ್ಚಿ, ಪ್ರತಿಯೊಂದು ಭಾಗಕ್ಕೂ ಕನ್ನಡದಲ್ಲಿ ಚೀಟಿ ಬರೆದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುವರು; ಈಗ ಎಂಟನೆಯ ತರಗತಿಯ ಪಾಠವು ಅದರಿಂದಲೇ ಆರಂಭವಾಗುವದು. ಎರಡನೆಯ ಇಂಜಿನನ್ನು ಆರಿಸಿದ ಹುಡುಗಿಯೇ ಅದನ್ನು ಕೂಡಿಸಿದಳು. ಕಾಗದದ ಪಟ್ಟಿಯು ಮಡಿಕೆಯಾಗಿ ಹೊರಬಂದಾಗ ಅವಳು ಅದನ್ನು ಬಿಸಾಡದೆ ತನ್ನ ನೋಟುಪುಸ್ತಕದಲ್ಲಿ ಅಂಟಿಸಿದಳು. ಆ ದಿನ ಇಡೀ ಸಂಘದ ಎದುರಿನಲ್ಲಿ, “ನಿನ್ನ ಅಳತೆ ಸರಿಯಾಗಿತ್ತು, ನಾನು ಕೇಳಬೇಕಾಗಿತ್ತು” ಎಂದು ಅವಳಿಗೆ ಹೇಳಿದೆನು.

ತಂದೆತಾಯಿಗಳೇ, ನಿಮ್ಮ ಮನೆಯಲ್ಲಿಯೂ ಒಂದು ದಿನ ಮಗಳು ಅಳತೆ ಬರೆದ ಹಾಳೆಯನ್ನು ಹಿಡಿದು ಬಂದು ನಿಲ್ಲುವಳು. ಹಣವನ್ನು ಅಂಗಡಿಗೆ ಕಳುಹಿಸುವ ಮುಂಚೆ ಆ ಹಾಳೆಯನ್ನು ಓದಿರಿ. ಹಳೇ ವಿದ್ಯಾರ್ಥಿನಿಯರೇ, ಈ ಸಾರಿ ಶಾಲೆಗೆ ಬಂದಾಗ ಹಿಂದಿನ ಬೈಲಿಗೆ ಬನ್ನಿರಿ. ನಿಮ್ಮ ತಂಗಿಯರು ಗಾಡಿಯನ್ನು ಓಡಿಸಿ ತೋರಿಸುವರು.